ಟ್ಯಾಂಕಿನಲ್ಲಿ ನೀರೆಷ್ಟಿದೆ? ಬಟನ್ ಒತ್ತಿ ನೋಡಿ

ಮೇ ತಿಂಗಳು ಬಂತೆಂದರೆ ಕಾರವಾರದ ನಮ್ಮ ಮನೆಯ ಬಾವಿಯಲ್ಲಿ ತಳ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಪಂಪ್ ಹಾಕಿ ಮರೆತು, ಟ್ಯಾಂಕ್ ತುಂಬಿ ನೀರು ಅಂಗಳಕ್ಕೆ ಸುರಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಮಳೆಗಾಲದ ಕಷ್ಟ ಬೇರೆ. ನೀರೆಷ್ಟಿದೆ ಎಂದು ನೋಡಲು ಪಾಚಿ ಕಟ್ಟಿದ ಮೆಟ್ಟಿಲು ಹತ್ತಬೇಕು. ಆಯಿ ಒಮ್ಮೆ ಅಲ್ಲೇ ಜಾರಿದಳು. ಟ್ಯಾಂಕಿನ ನೀರಿನ ಮಟ್ಟವನ್ನು ಕೆಳಗೇ ನಾಲ್ಕು ದೀಪದಲ್ಲಿ ತೋರಿಸುವ ಸಾಧನ ಕಟ್ಟಲು ಅವತ್ತೇ ಕೈ ಹಾಕಿದೆ.

ಬಾವಿ ನೀರಿನಲ್ಲಿ ಲವಣ ಕರಗಿರುತ್ತದೆ. ಹಾಗಾಗಿ ಅದರ ಮೂಲಕ ಸ್ವಲ್ಪ ಕರೆಂಟ್ ಹರಿಯುತ್ತದೆ. ಎಲ್‌ಇಡಿ ಉರಿಸಲು ಅದು ಸಾಲದು. ಆದರೆ ಟ್ರಾನ್ಸಿಸ್ಟರ್ ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗದ ಬೇಸ್ ಕಾಲಿಗೆ ಅಷ್ಟು ಕೊಟ್ಟರೆ, ಅದರ ನೂರು ಪಟ್ಟಿಗೂ ಜಾಸ್ತಿ ಕರೆಂಟ್ ಕಲೆಕ್ಟರ್ ಎಂಬ ಇನ್ನೊಂದು ಕಾಲಿನಲ್ಲಿ ಹರಿಯಬಲ್ಲದು. ಎಲ್‌ಇಡಿಗೆ ಅಷ್ಟು ಸಾಕು. ಟ್ಯಾಂಕಿನೊಳಗೆ ಬೇರೆ ಬೇರೆ ಎತ್ತರಕ್ಕೆ ಲೋಹದ ಕಡ್ಡಿ ಇಳಿಬಿಡುತ್ತೇವೆ. ನೀರು ಕಡ್ಡಿಗೆ ತಾಗಿದರೆ ದೀಪ, ಇಳಿದರೆ ಇಲ್ಲ.

ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಿಂದ ಬಿಸಿ 547 ಟ್ರಾನ್ಸಿಸ್ಟರ್, ಎಲ್‌ಇಡಿ, 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ (ಕರೆಂಟ್ ಮಿತಿಯಲ್ಲಿಡುವ ಬಿಡಿಭಾಗ) ತನ್ನಿ. ಎಲ್ಲವೂ ನಾಲ್ಕು ನಾಲ್ಕು. ಜೊತೆಗೆ 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್, ಚಿಕ್ಕ ತೂತಿನ ಬೋರ್ಡ್, ಮತ್ತೆ ಒತ್ತಿದಷ್ಟು ಹೊತ್ತು ಮಾತ್ರ ಆನ್ ಆಗುವ ಒಂದು ಪುಶ್ ಬಟನ್. ಈ ಬಟನ್ ಬಿಟ್ಟು ಬರಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಟ್ರಾನ್ಸಿಸ್ಟರ್‌ನ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲುಗಳು ಕೆಳಗಿರಲಿ. ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ನಾಲ್ಕೂ ಎಮಿಟರ್‌ಗಳನ್ನು ಒಂದುಗೂಡಿಸಿ ಬ್ಯಾಟರಿಯ ಮೈನಸ್‌ಗೆ ಬೆಸೆಯಿರಿ. ಪ್ಲಸ್ ವೈರ್ ಮೊದಲು ಬಟನ್‌ಗೆ ಹೋಗಲಿ. ಬಟನ್‌ನ ಇನ್ನೊಂದು ತುದಿಯಿಂದ ಪ್ರತಿ ಎಲ್‌ಇಡಿಗೂ ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಕೊಡಿ. ಅದು ಎಲ್‌ಇಡಿಯ ಉದ್ದ ಕಾಲಿಗೆ ಸೇರಬೇಕು, ಗಿಡ್ಡ ಕಾಲು ಕಲೆಕ್ಟರ್‌ಗೆ. ಪ್ರತಿ ಬೇಸ್‌ಗೂ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ, ಅದರ ತುದಿಯಿಂದ ಟ್ಯಾಂಕಿಗೆ ವೈರ್ ಎಳೆಯಿರಿ. ಐದನೆಯ ವೈರ್ ಬಟನ್‌ನ ಆಚೆ ತುದಿಯ ಪ್ಲಸ್‌ನಿಂದಲೇ ಹೊರಡುತ್ತದೆ. ಅದು ಎಲ್ಲಕ್ಕೂ ಸಾಮಾನ್ಯ. ಹಳೆಯ ಲ್ಯಾನ್ ಕೇಬಲ್ ಇದ್ದರೆ ಅದರಲ್ಲಿ ಎಂಟು ಎಳೆ ಇರುತ್ತವೆ, ಬಣ್ಣವೂ ಬೇರೆ ಬೇರೆ. ಧಾರಾಳ ಸಾಕು.

ಇನ್ನು ನೀರಿಗಿಳಿಯುವ ಕಡ್ಡಿ. ನಾನು ಎಡವಿದ್ದು ಇಲ್ಲೇ. ಮೊದಲ ಸಲ ತಾಮ್ರದ ವೈರ್ ಸುಲಿದು ಹಾಗೇ ಇಳಿಬಿಟ್ಟಿದ್ದೆ, ಬಟನ್ ಕೂಡ ಹಾಕಿರಲಿಲ್ಲ. ದಿನವಿಡೀ ಕರೆಂಟ್ ಹರಿಯುತ್ತಿತ್ತು. ಒಂದು ತಿಂಗಳಿಗೆ ಪ್ಲಸ್ ವೈರ್ ಹಸಿರುಗಟ್ಟಿ ತುಂಡಾಗಿತ್ತು, ಉಳಿದವು ಚೆನ್ನಾಗೇ ಇದ್ದವು. ನೀರಿನಲ್ಲಿ ಡಿಸಿ ಕರೆಂಟ್, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್, ಹರಿದರೆ ಪ್ಲಸ್ ಕಡೆಯ ಲೋಹ ಕರಗಿ ನೀರಿಗೆ ಸೇರುತ್ತದೆ. ಕಡಲ ದಂಡೆಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದಲ್ಲ, ಆಗ ಇನ್ನೂ ಬೇಗ. ನಾವು ಕುಡಿಯುವುದೂ ಅದೇ ನೀರು! ಅದಕ್ಕೇ ಬಟನ್ ಬೇಕೇ ಬೇಕು. ಎರಡು ಸೆಕೆಂಡ್ ಒತ್ತಿ, ನೋಡಿ, ಬಿಡಿ. ಬ್ಯಾಟರಿಯೂ ಬಹಳ ದಿನ ಬರುತ್ತದೆ.

ಕಡ್ಡಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಟಿಗ್ ವೆಲ್ಡಿಂಗಿನ ಸ್ಟೀಲ್ ಕಡ್ಡಿ 1 ಮೀಟರ್ ಉದ್ದ ಸಿಗುತ್ತದೆ, ಮೇಲೆ ಯಾವ ಲೇಪನವೂ ಇರುವುದಿಲ್ಲ. ನಮ್ಮ ಟ್ಯಾಂಕ್ ಸುಮಾರು 1 ಮೀಟರ್ ಆಳ. 95, 75, 55, 35, 15 ಸೆಂ.ಮೀ. ತುಂಡು ಬೇಕಾದವು, ಮೂರೇ ಕಡ್ಡಿಯಲ್ಲಿ ಮುಗಿಯಿತು. 95ರದ್ದು ಸಾಮಾನ್ಯ ಪ್ಲಸ್. ಅತಿ ಗಿಡ್ಡದರ ತುದಿ ಓವರ್‌ಫ್ಲೋ ಪೈಪಿಗಿಂತ ಒಂದೆರಡು ಇಂಚು ಕೆಳಗೇ ಇರಬೇಕು. ಇಲ್ಲದಿದ್ದರೆ ‘ಫುಲ್’ ದೀಪ ಎಂದೂ ಉರಿಯುವುದಿಲ್ಲ. ಸ್ಟೀಲಿಗೆ ಮಾಮೂಲಿ ಸೋಲ್ಡರ್ ಹಿಡಿಯುವುದಿಲ್ಲ. ಸ್ಕ್ರೂ ಇರುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿಗೆ ಐದೂ ಕಡ್ಡಿ ಬಿಗಿದು, ವೈರ್ ಅಲ್ಲೇ ಸೇರಿಸಿ. ಕಡ್ಡಿಗಳು ಒಂದಕ್ಕೊಂದು ತಾಗಬಾರದು. ಪಟ್ಟಿ ನೀರಿನ ಮಟ್ಟಕ್ಕಿಂತ ಮೇಲೇ ಇರಲಿ, ಮಳೆ ನೀರೂ ಬೀಳದಿರಲಿ.

ಮೇಲೆ ಹತ್ತುವ ಮುಂಚೆ ಕೆಳಗೇ ಪರೀಕ್ಷೆ ಮಾಡಿ. ಟ್ಯಾಂಕಿನದೇ ನೀರನ್ನು ಬಕೆಟ್‌ಗೆ ಹಿಡಿದು ಸಾಮಾನ್ಯ ಕಡ್ಡಿಯ ಜೊತೆ ಒಂದೊಂದೇ ಕಡ್ಡಿ ಅದ್ದಿ ನೋಡಿ. ಕಟ್ಟುವಾಗ ಪಂಪಿನ ಸ್ವಿಚ್ ಆಫ್ ಇರಲಿ. ಗುಡುಗು ಕೇಳಿಸಿತೋ, ಕೆಲಸ ಬಿಟ್ಟು ಇಳಿದು ಬನ್ನಿ. ಬ್ಯಾಟರಿ ಬದಲು ಮನೆಯ ಕರೆಂಟ್ ಕೊಡುವ ಯೋಚನೆ ಬೇಡವೇ ಬೇಡ. ವೈರನ್ನು ಪಿವಿಸಿ ಪೈಪಿನೊಳಗೆ ತನ್ನಿ, ನಮ್ಮ ಕಡೆ ಮಂಗಗಳು ಸುಮ್ನೆ ಬಿಡುವುದಿಲ್ಲ.

ಮಳೆಗಾಲದಲ್ಲಿ ನೀರಿಲ್ಲದ ಹಂತದ ದೀಪವೂ ಮಂಕಾಗಿ ಉರಿಯಬಹುದು. ಕನೆಕ್ಟರ್ ಪಟ್ಟಿಯ ಮೇಲೆ ಕಟ್ಟಿದ ತೇವವೇ ಕಾರಣ. ಒರೆಸಿ ಒಣಗಿಸಿ. ಆಗಲೂ ಹೋಗದಿದ್ದರೆ ಆ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಎಮಿಟರ್ ನಡುವೆ 100 ಕಿಲೋಓಮ್ ರೆಸಿಸ್ಟರ್ ಹಾಕಿ.

ಶಿರಸಿಯ ಅಕ್ಕನ ಮನೆಯಲ್ಲಿ ತೊಂದರೆ ಇದರ ತಿರುಗುಮುರುಗು. ಅವರದು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು. ಲವಣ ತೀರಾ ಕಡಿಮೆ, ನೀರು ತಾಗಿದರೂ ದೀಪ ಮಂಕು. ಅಲ್ಲಿ ಕಡ್ಡಿಗಳನ್ನು ಹತ್ತಿರ ತಂದೆ, ಬೆರಳಗಲದಷ್ಟು ಮಾತ್ರ ಅಂತರ ಬಿಟ್ಟೆ. ಮೂರು ದೀಪ ಸರಿಯಾದವು. ನಾಲ್ಕನೆಯದಕ್ಕೆ ಇನ್ನೊಂದು ಬಿಸಿ 547 ಸೇರಿಸಿದೆ. ಕಡ್ಡಿಯ ವೈರ್ 10 ಕಿಲೋಓಮ್ ದಾಟಿ ಹೊಸದರ ಬೇಸ್‌ಗೆ, ಹೊಸದರ ಎಮಿಟರ್ ಹಳೆಯದರ ಬೇಸ್‌ಗೆ, ಕಲೆಕ್ಟರ್ ಎರಡೂ ಒಟ್ಟಿಗೆ. ಈಗ ಅಕ್ಕ ಅಡುಗೆಮನೆಯಲ್ಲೇ ಬಟನ್ ಒತ್ತಿ ನೋಡಿ, ತೋಟಕ್ಕೆ ನೀರು ತಿರುಗಿಸುತ್ತಾಳೆ.