ತಣ್ಣೀರುಬಾವಿಯಿಂದ ಸೋಮೇಶ್ವರದವರೆಗೆ: ಕರಾವಳಿಯ ಭೂರೂಪ ಮತ್ತು ಅಪಾಯಗಳ ನಕ್ಷೆ ಮಾಡಲು ಕಲಿಯುವ ಬಗೆ

ಕರಾವಳಿಯ ಅಪಾಯಗಳ ನಕ್ಷೆ ಮಾಡಲು ಹೊರಡುವವರು ಸಾಮಾನ್ಯವಾಗಿ ಕಡಲ್ಕೊರೆತದಿಂದಲೇ ಶುರುಮಾಡುತ್ತಾರೆ. ಬೇರೆ ಬೇರೆ ವರ್ಷಗಳ ಎರಡು ಉಪಗ್ರಹ ಚಿತ್ರಗಳಲ್ಲಿ ದಡದ ಗೆರೆ ಎಳೆದು, ನಡುವಿನ ಅಂತರ ಅಳೆದು, ಕೆಂಪು ಬಣ್ಣ ತುಂಬುತ್ತಾರೆ. ಆದರೆ ಆ ದಡ ಮರಳಿನ ದಿಣ್ಣೆಯೋ, ಬಂಡೆಯೋ, ಕಲ್ಲು ಪೇರಿಸಿದ ತಡೆಗೋಡೆಯೋ ಎಂಬುದು ಗೊತ್ತಿಲ್ಲದಿದ್ದರೆ ಅಳತೆ ಎಷ್ಟೇ ನಿಖರವಾಗಿದ್ದರೂ ಅದರಿಂದ ಏನನ್ನೂ ಹೇಳಲಾಗದು. ಮೊದಲು ಭೂರೂಪಗಳ ನಕ್ಷೆ, ಆಮೇಲೆ ಅದರ ಮೇಲೆ ಅಪಾಯಗಳ ನಕ್ಷೆ ಎಂಬ ಕ್ರಮವನ್ನು ಕಲಿಯುವವರು ಆರಂಭದಲ್ಲೇ ರೂಢಿಸಿಕೊಳ್ಳಬೇಕು.

ಅಭ್ಯಾಸಕ್ಕೆ ಇಡೀ ಕರಾವಳಿಯನ್ನು ತೆಗೆದುಕೊಳ್ಳದೆ ಒಂದು ಅಳಿವೆಯ ಆಸುಪಾಸನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಬಾಗಿಲು ಇದಕ್ಕೆ ತಕ್ಕ ಜಾಗ. ಉತ್ತರಕ್ಕೆ ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳಿನ ಪಟ್ಟಿ, ನಡುವೆ ಅಲೆ ತಡೆಯಲು ಸಮುದ್ರದೊಳಕ್ಕೆ ಚಾಚಿ ಕಟ್ಟಿದ ಎರಡು ಬ್ರೇಕ್‌ವಾಟರ್‌ಗಳು, ದಕ್ಷಿಣಕ್ಕೆ ಕೋಟೆಪುರ, ಉಳ್ಳಾಲ, ಕೊನೆಗೆ ಸೋಮೇಶ್ವರದ ಬಂಡೆಗಳು ಇರುವುದರಿಂದ ನದಿ, ಅಲೆ, ಗಾಳಿ ಮತ್ತು ಮನುಷ್ಯ ರೂಪಿಸಿದ ನೆಲಗಳೆಲ್ಲ ಕೆಲವೇ ಕಿಲೋಮೀಟರ್‌ಗಳಲ್ಲಿ ಸಿಗುತ್ತವೆ. 1:10,000 ಪ್ರಮಾಣ ಸಾಕು. ಈ ಪ್ರಮಾಣದಲ್ಲಿ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ ಹತ್ತು ಮೀಟರ್ ಆಗುತ್ತದೆ, ಅಂದರೆ ಅದಕ್ಕಿಂತ ಸಣ್ಣ ವಿವರಗಳನ್ನು ಬಿಡಿಸುವ ಗೋಜಿಗೆ ಹೋಗಬೇಕಿಲ್ಲ. ನಕ್ಷೆ ಬಿಡಿಸುವ ತಂತ್ರಾಂಶವಾಗಿ ಉಚಿತವಾದ ಕ್ಯೂಜಿಐಎಸ್, ಹಿನ್ನೆಲೆಗೆ ಸರ್ವೆ ಆಫ್ ಇಂಡಿಯಾದ 1:50,000ದ ಹಾಳೆಗಳು ಮತ್ತು ಇಸ್ರೋದ ಭುವನ್ ಚಿತ್ರಗಳು ಇದ್ದರೆ ಕೆಲಸ ಆರಂಭಿಸಬಹುದು. ದೂರ ಅಳೆಯುವ ಮುನ್ನ ಎಲ್ಲ ಪದರಗಳನ್ನೂ ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ವ್ಯವಸ್ಥೆಯಾದ ಯುಟಿಎಂನ 43 ಉತ್ತರ ವಲಯಕ್ಕೆ ಹೊಂದಿಸಿಕೊಳ್ಳಬೇಕು.

ಭೂರೂಪಗಳನ್ನು ಗುರುತಿಸುವಾಗ ಆಕಾರವನ್ನಷ್ಟೇ ನೋಡದೆ ಅದನ್ನು ಮಾಡಿದ್ದು ಯಾವುದು ಎಂದು ಕೇಳಿಕೊಳ್ಳಬೇಕು. ಅಲೆ ತಲುಪುವ ಬರಿಯ ಮರಳು ಒಂದು ಘಟಕವಾದರೆ, ಅದರ ಹಿಂದೆ ಅಡುಂಬು ಬಳ್ಳಿ ಹಬ್ಬಿರುವ ದಿಣ್ಣೆ ಇನ್ನೊಂದು. ಬಳ್ಳಿ ಬೇರೂರಿದೆ ಎಂದರೆ ಅಲ್ಲಿಯ ಮರಳು ಕೆಲವು ಕಾಲದಿಂದ ನಿಂತಿದೆ ಎಂದರ್ಥ. ನದಿಯ ಕಡೆಗೆ ಕೆಸರು ನೆಲ, ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು, ಕುದ್ರುಗಳು (ನದಿಯ ನಡುಗಡ್ಡೆಗಳು) ಮತ್ತು ತಗ್ಗಿನ ಗದ್ದೆಗಳನ್ನು ಬೇರೆ ಬೇರೆಯಾಗಿ ಬಿಡಿಸಬೇಕು. ಇನ್ನೂ ಒಳಗೆ ಮುರಕಲ್ಲಿನ (ಜಂಬಿಟ್ಟಿಗೆ) ಪದವುಗಳು, ಅಂದರೆ ಎತ್ತರದ ಬಯಲುಗಳು, ಬರುತ್ತವೆ, ಅವುಗಳ ಅಂಚಿನ ಕಡಿದಾದ ಇಳಿಜಾರನ್ನು ಮಾತ್ರ ಪ್ರತ್ಯೇಕ ಗೆರೆಯಾಗಿ ತೋರಿಸಿದರೆ ಸಾಕು. ಧಕ್ಕೆ (ದೋಣಿಕಟ್ಟೆ), ಬ್ರೇಕ್‌ವಾಟರ್, ತಡೆಗೋಡೆಗಳು ಕೂಡ ಭೂರೂಪಗಳ ಸಾಲಿನಲ್ಲೇ ಸೇರಬೇಕು, ಏಕೆಂದರೆ ಮರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆದುಹೋಗುತ್ತದೆ ಎಂಬುದನ್ನು ಇಂದು ಬಹುಮಟ್ಟಿಗೆ ಅವೇ ನಿರ್ಧರಿಸುತ್ತಿವೆ. ಬೆಂಗ್ರೆಯ ಕಡೆ ಮರಳು ಸೇರಿ ದಡ ಅಗಲವಾಗಿರುವುದನ್ನೂ ಉಳ್ಳಾಲದ ಕಡೆ ದಡ ಸವೆದಿರುವುದನ್ನೂ ಒಂದೇ ಹಾಳೆಯಲ್ಲಿ ನೋಡಿದವರಿಗೆ ಇದು ತಾನಾಗಿ ತಿಳಿಯುತ್ತದೆ.

ದಡದ ಗೆರೆ ಎಳೆಯುವ ಹಂತದಲ್ಲಿ ಎಷ್ಟು ಎಚ್ಚರಿಕೆ ವಹಿಸಿದರೂ ಕಡಿಮೆಯೇ. ಚಿತ್ರದಲ್ಲಿ ಕಾಣುವುದು ಆ ಕ್ಷಣದಲ್ಲಿ ನೀರು ಮುಟ್ಟಿದ ಅಂಚು, ಅದು ದಡವೇ ಆಗಬೇಕಿಲ್ಲ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿನಲ್ಲಿ ಉಬ್ಬರವಿಳಿತದ ಅಂತರ ಸುಮಾರು ಒಂದೂವರೆ ಮೀಟರ್ ಆಗುತ್ತದೆ. ಮರಳಿನ ಇಳಿಜಾರು 20 ಮೀಟರಿಗೆ ಒಂದು ಮೀಟರ್ ಎಂದಿಟ್ಟುಕೊಂಡರೆ, ಆರು ಗಂಟೆಗಳಲ್ಲಿ ನೀರಿನಂಚು 30 ಮೀಟರ್ ಹಿಂದೆ ಮುಂದೆ ಸರಿಯುತ್ತದೆ. ಒಂದು ಹಿಡಿ ಮರಳೂ ಕೊರೆದುಹೋಗದೆ ನಕ್ಷೆಯಲ್ಲಿ 30 ಮೀಟರ್ ಕೊರೆತ ಕಾಣಿಸಿಕೊಳ್ಳಬಹುದು. ಹಾಗಾಗಿ ಗಿಡಬಳ್ಳಿಗಳ ಮುಂಚೂಣಿಯನ್ನು ದಡದ ಗೆರೆಯಾಗಿ ಹಿಡಿಯುವುದು ಹೆಚ್ಚು ಭದ್ರ. ಋತುವಿನ ವಿಷಯವೂ ಹೀಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆಗಳು ದಡದ ಮರಳನ್ನು ಒಳಸಮುದ್ರಕ್ಕೆ ಎಳೆದೊಯ್ಯುತ್ತವೆ, ಮಳೆಗಾಲ ಮುಗಿದ ಮೇಲೆ ಅದರ ಬಹುಪಾಲು ನಿಧಾನವಾಗಿ ಮರಳುತ್ತದೆ. ಒಂದು ವರ್ಷದ ಫೆಬ್ರುವರಿ ಚಿತ್ರವನ್ನು ಇನ್ನೊಂದು ವರ್ಷದ ಫೆಬ್ರುವರಿ ಚಿತ್ರದೊಂದಿಗೇ ಹೋಲಿಸಬೇಕು.

ಹಳೆಯ ಕಾಲಕ್ಕೆ ಲ್ಯಾಂಡ್‌ಸ್ಯಾಟ್ ಚಿತ್ರಗಳು ಸಿಗುತ್ತವೆ, 1980ರ ದಶಕದಿಂದೀಚೆಗಿನವುಗಳಲ್ಲಿ ಒಂದು ಚುಕ್ಕಿ (ಪಿಕ್ಸೆಲ್) ನೆಲದ 30 ಮೀಟರ್. ಈಚಿನ ವರ್ಷಗಳಿಗೆ 10 ಮೀಟರ್ ಚುಕ್ಕಿಯ ಸೆಂಟಿನೆಲ್-2 ಇದೆ. ಇವೆರಡನ್ನು ಹೋಲಿಸಿ ದಡ 15 ಮೀಟರ್ ಹಿಂದೆ ಸರಿದಿದೆ ಎಂದು ಬಂದರೆ ಆ ಅಂಕಿ ಲ್ಯಾಂಡ್‌ಸ್ಯಾಟ್‌ನ ಅರ್ಧ ಚುಕ್ಕಿಯಷ್ಟೇ, ಅದನ್ನು ಕೊರೆತ ಎಂದು ಬರೆಯಬಾರದು.

ತಡೆಗೋಡೆ ಇರುವ ಕಡೆ ಇನ್ನೊಂದು ತೊಡಕಿದೆ, ಇದನ್ನು ಅನುಭವಿಗಳೂ ಮರೆಯುವುದುಂಟು. ಗೋಡೆಯ ಕಲ್ಲುಗಳು ಸರಿಯದ ಕಾರಣ ದಡದ ಗೆರೆ ಹತ್ತು ವರ್ಷಗಳ ನಂತರವೂ ಅಲ್ಲೇ ಇರುತ್ತದೆ. ಲೆಕ್ಕದಲ್ಲಿ ಬದಲಾವಣೆಯ ವೇಗ ಸೊನ್ನೆ ಬರುತ್ತದೆ ಮತ್ತು ನಕ್ಷೆ ಆ ಭಾಗವನ್ನು ‘ಸ್ಥಿರ’ ಎಂದು ಹಸಿರಾಗಿ ತೋರಿಸುತ್ತದೆ. ಆದರೆ ಗೋಡೆಯ ಮುಂದಿದ್ದ ಮರಳು ಪೂರ್ತಿ ಹೋಗಿ, ದೋಣಿ ಎಳೆಯಲು, ಬಲೆ ಒಣಗಿಸಲು ಜಾಗವೇ ಇಲ್ಲದಂತಾಗಿರಬಹುದು. ಇಂಥ ಭಾಗಗಳಿಗೆ ‘ಕಲ್ಲಿನಿಂದ ಹಿಡಿದಿಟ್ಟ ದಡ’ ಎಂಬ ಪ್ರತ್ಯೇಕ ವರ್ಗ ಕೊಟ್ಟು, ಮುಂದೆ ಮರಳು ಉಳಿದಿದೆಯೇ ಇಲ್ಲವೇ ಎಂಬುದನ್ನು ಬೇರೆಯಾಗಿ ದಾಖಲಿಸಬೇಕು. ಕಡಲತಡಿಯ ಜನರಿಗೆ ನ್ಯಾಯ ಸಲ್ಲಿಸುವ ನಕ್ಷೆಗೆ ಈ ಒಂದು ವರ್ಗ ಅತ್ಯಗತ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಪರದೆಯ ಮೇಲಿನ ಕೆಲಸ ಮುಗಿದ ಮೇಲೆ ಇಳಿತದ ಹೊತ್ತಿಗೆ ದಡಕ್ಕೆ ಹೋಗಬೇಕು. ಮರಳಿನ ಇಳಿಜಾರು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಸೆಂಟಿಮೀಟರ್ ಗುರುತು ಹಾಕಿದ, ಒಂದೇ ಎತ್ತರದ ಎರಡು ಕೋಲುಗಳು ಮತ್ತು ಎರಡು ಮೀಟರ್ ಹಗ್ಗ ಸಾಕು. ಒಂದು ಕೋಲನ್ನು ದಿಣ್ಣೆಯ ಕಡೆ, ಇನ್ನೊಂದನ್ನು ಹಗ್ಗದ ಅಳತೆಗೆ ಸಮುದ್ರದ ಕಡೆ ನೆಟ್ಟಗೆ ಹಿಡಿಯಬೇಕು. ಮೇಲಿನ ಕೋಲಿನ ಬಳಿ ನಿಂತವರು ಕೆಳಗಿನ ಕೋಲಿನ ತುದಿಯೂ ದಿಗಂತದ ಗೆರೆಯೂ ಒಂದೇ ಸಾಲಿಗೆ ಬರುವಂತೆ ಕಣ್ಣನ್ನು ತಗ್ಗಿಸಿ, ಆ ಸಾಲು ತಮ್ಮ ಕೋಲಿನ ತುದಿಯಿಂದ ಎಷ್ಟು ಕೆಳಗೆ ಹಾದುಹೋಗುತ್ತದೆ ಎಂದು ಓದಿದರೆ ಆ ಎರಡು ಮೀಟರಿನಲ್ಲಾದ ಇಳಿತ ಸಿಗುತ್ತದೆ. ಹೀಗೆ ನೀರಿನವರೆಗೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಬೇರು ಬಯಲಾದ ತೆಂಗಿನ ಮರಗಳು, ದಿಣ್ಣೆಯ ಕಡಿದಾದ ಅಂಚು, ಅಲೆ ತಂದು ಬಿಟ್ಟ ಕಸದ ಸಾಲು ಇವೆಲ್ಲವನ್ನೂ ಫೋಟೋ ಸಮೇತ ಗುರುತಿಸಿಕೊಳ್ಳಬೇಕು. ಮೀನುಗಾರರನ್ನು ಕೇಳುವಾಗ ವರ್ಷ ಕೇಳದೆ ಘಟನೆ ಹಿಡಿದು ಕೇಳಿದರೆ ಉತ್ತರ ಸ್ಪಷ್ಟವಾಗಿರುತ್ತದೆ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಬಾವಿ ಉಪ್ಪಾಯಿತು ಎಂದು.

ಈಗ ಅಪಾಯಗಳ ಪದರಗಳಿಗೆ ಬರಬಹುದು. ಕೊರೆತ, ಅಲೆಯ ನುಗ್ಗುವಿಕೆ, ನದಿಯ ನೆರೆ, ಭೂಕುಸಿತ ಇವುಗಳನ್ನು ಒಂದೇ ಬಣ್ಣದಲ್ಲಿ ಬೆರೆಸದೆ ಬೇರೆ ಬೇರೆ ಪದರಗಳಲ್ಲಿ ಇಡಬೇಕು. ಮರಳಿನ ಪಟ್ಟಿಯಲ್ಲಿ ಅತಿ ಕಿರಿದಾದ ಮತ್ತು ಅತಿ ತಗ್ಗಾದ ಜಾಗವೇ ಸಮುದ್ರ ಸೀಳಿಕೊಂಡು ಹೋಗಬಹುದಾದ ಜಾಗ. ಕುದ್ರು ಮತ್ತು ಗದ್ದೆಗಳಿಗೆ ನೆರೆಯ ನೀರು ಉಬ್ಬರದ ಹೊತ್ತಿನಲ್ಲಿ ಅಳಿವೆಯಿಂದ ಹೊರಹೋಗಲಾರದೆ ನಿಲ್ಲುವುದು ಹೆಚ್ಚು ಅಪಾಯಕಾರಿ. ಎತ್ತರಕ್ಕಾಗಿ ಉಚಿತವಾಗಿ ಸಿಗುವ, 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ದತ್ತಾಂಶವನ್ನು ಬಳಸಿ ‘ಒಂದು ಮೀಟರ್ ಸಮುದ್ರ ಏರಿದರೆ ಮುಳುಗುವ ಪ್ರದೇಶ’ ಎಂದು ತೋರಿಸುವ ಆಸೆ ಬೇಡ. ಅದರ ದೋಷವೇ ಹಲವು ಮೀಟರ್, ಜೊತೆಗೆ ತೆಂಗಿನ ತೋಟದಲ್ಲಿ ಅದು ನೆಲದ ಬದಲು ಮರಗಳ ಎತ್ತರದ ಕಡೆಗೆ ವಾಲುತ್ತದೆ.

ಕರಾವಳಿಯ ಅಪಾಯವೆಲ್ಲ ಸಮುದ್ರದಿಂದಲೇ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಗುಡ್ಡ, ರಸ್ತೆಗಾಗಿ ಕಡಿದ ಇಳಿಜಾರು, ನದಿ, ಎದುರು ದಡದ ತಗ್ಗು ಇವು ಒಂದೇ ಸಾಲಿನಲ್ಲಿರುವ ಕಡೆಗಳನ್ನು ನಕ್ಷೆಯಲ್ಲಿ ಹುಡುಕಿ, ಕುಸಿತದ ಪದರವನ್ನು ನದಿಯಾಚೆಗೂ ಚಾಚಬೇಕು.

ಕೊನೆಯಲ್ಲಿ ಪ್ರತಿ ಗೆರೆಗೂ ಚಿತ್ರದ ದಿನಾಂಕ, ಆ ಹೊತ್ತಿನ ಉಬ್ಬರದ ಮಟ್ಟ ಮತ್ತು ಅಂದಾಜು ದೋಷವನ್ನು ಬರೆದಿಡಬೇಕು; ಖಚಿತವಿಲ್ಲದ ಗಡಿಯನ್ನು ತುಂಡು ಗೆರೆಯಿಂದ ತೋರಿಸಬೇಕು. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮಗಳಿಗೆ ಬೇಕಾದ ಭರತರೇಖೆಯನ್ನು, ಅಂದರೆ ಉಬ್ಬರದ ನೀರು ತಲುಪುವ ಅತಿ ಮೇಲಿನ ಗೆರೆಯನ್ನು, ಗುರುತಿಸುವುದು ಸರ್ಕಾರ ಅಧಿಕೃತಗೊಳಿಸಿದ ಸಂಸ್ಥೆಗಳ ಕೆಲಸವಾದ್ದರಿಂದ, ನಿಮ್ಮ ಗೆರೆ ಕಾನೂನಿನ ಗಡಿಯಲ್ಲ ಎಂಬ ಮಾತನ್ನು ಸೂಚಿಯಲ್ಲಿಯೇ ಸೇರಿಸಬೇಕು. ಮಳೆಗಾಲ ಕಳೆದು ಮರಳು ಮರಳಿದ ಮೇಲೆ, ಅದೇ ತಿಂಗಳಿನಲ್ಲಿ, ಅದೇ ಜಾಗಗಳಲ್ಲಿ ಕೋಲು ಹಿಡಿದು ಇಳಿಜಾರನ್ನು ಮತ್ತೆ ಅಳೆದು ಎರಡನೆಯ ವರ್ಷದ ಪದರವನ್ನು ಸೇರಿಸಿಕೊಳ್ಳಬಹುದು.