ಅಬ್ಬಿ ನೀರು ನಿಂತ ಮೇಲೆ: ಟೆಂಟ್ ಕ್ಯಾಂಪಿನಲ್ಲಿ ನನ್ನ ಮೂರು ಬೇಸಿಗೆ

ನಾನು ಬಯಲುಸೀಮೆಯವನು, ಚಳ್ಳಕೆರೆ ಕಡೆಯವನು. ನೀರಿನ ಲೆಕ್ಕ ನನಗೆ ಹೊಸದಲ್ಲ. ಆದರೆ ಮಲೆನಾಡಿಗೆ ಬಂದು ಬಕೆಟ್ ಎಣಿಸಿಕೊಂಡು ಕೂರುತ್ತೇನೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಮೂಡಿಗೆರೆ ತಾಲ್ಲೂಕಿನಲ್ಲಿ, ಕಾಫಿ ತೋಟ ಮುಗಿದು ಹುಲ್ಲುಗುಡ್ಡ ಶುರುವಾಗುವ ಕಡೆ, ಹನ್ನೆರಡು ಟೆಂಟಿನ ಒಂದು ಕ್ಯಾಂಪ್. ಅಲ್ಲಿ ಮೂರು ವರ್ಷ ಕೆಲಸ ಮಾಡಿದೆ. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್. ಕೆಲಸದಲ್ಲಿ ಪೈಪ್ ರಿಪೇರಿಯವನು, ಹಂಡೆ ಒಲೆಗೆ ಬೆಂಕಿ ಹಾಕುವವನು, ಗೈಡು, ಅಡುಗೆಯಕ್ಕ ರಜ ಹಾಕಿದ ದಿನ ಅಡುಗೆಯವನು. ಜಾಗ ತೋಟದ ಗೌಡ್ರದ್ದು.

ಕ್ಯಾಂಪಿನ ಫೋಟೋ ಎಲ್ಲ ಮಳೆಗಾಲದ್ದು. ಮಂಜು, ಜಲಪಾತ, ಹಸಿರು ಗುಡ್ಡ. ಬುಕ್ ಮಾಡುವವರು ಅದನ್ನೇ ನೋಡಿ ಮಾರ್ಚಿನಲ್ಲಿ ಬರುತ್ತಾರೆ. ಬಂದು ನೋಡಿದರೆ ಗುಡ್ಡ ಸಿಂಹದ ಬಣ್ಣ. ಚಾರ್ಮಾಡಿ ಘಾಟಿಯ ಆಲೇಕಾನ್ ಜಲಪಾತದಲ್ಲಿ ಬರೀ ಬಂಡೆ. "ಸಾರ್, ಮಂಜು ಎಷ್ಟೊತ್ತಿಗೆ ಬರುತ್ತೆ?" ಅಂತ ಒಬ್ಬರು ಕೇಳಿದ್ದರು. ಕರೆಂಟು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳಿದ ಹಾಗೆ. ಜೂನಿಗೆ ಅಂದೆ.

ಪಂಚಾಂಗದ ಪ್ರಕಾರ ಯುಗಾದಿಗೆ ವಸಂತ. ಇಲ್ಲಿ ಯಾರ ಬಾಯಲ್ಲೂ ಆ ಪದ ಕೇಳಲಿಲ್ಲ. ಕಾಳುಮೆಣಸು ಕೊಯ್ಲು, ಆಮೇಲೆ ಕಾಫಿ ಹೂವು ಅರಳಿಸುವ ಹೂಮಳೆ, ಆಮೇಲೆ ಹಲಸು. ಇಷ್ಟೇ ಲೆಕ್ಕ.

ಮೊದಲನೇ ವರ್ಷ ನಾನು ಕಲಿತದ್ದು ಅವಮಾನದಿಂದ. ಕ್ಯಾಂಪಿಗೆ ನೀರು ಬರುತ್ತಿದ್ದದ್ದು ಅಬ್ಬಿಯಿಂದ. ಗುಡ್ಡದ ಹಳ್ಳಕ್ಕೆ ಮೇಲುಗಡೆ ಒಂದು ಸಣ್ಣ ಕಟ್ಟೆ, ಅಲ್ಲಿಂದ ಕಪ್ಪು ಪೈಪು, ಮೋಟರ್ ಇಲ್ಲ, ಕರೆಂಟಿಲ್ಲ, ತಾನಾಗೇ ಇಳಿದು ಬರುವ ನೀರು. ಜನವರಿಯಲ್ಲಿ ಕೈಹೆಬ್ಬೆರಳಿನ ದಪ್ಪ ಬೀಳುತ್ತಿತ್ತು. ಫೆಬ್ರವರಿ ಕೊನೆಗೆ ಪೆನ್ಸಿಲ್ ದಪ್ಪ. ನಾನು ಗಮನಿಸಲೇ ಇಲ್ಲ. ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ ಬಾತ್‌ರೂಮಿನಿಂದ ಕೂಗು. ಇಪ್ಪತ್ನಾಲ್ಕು ಜನ ಅತಿಥಿಗಳು, ಅದರಲ್ಲಿ ಒಬ್ಬರು ತಲೆತುಂಬ ಶ್ಯಾಂಪೂ ಹಾಕಿಕೊಂಡು ನಿಂತಿದ್ದಾರೆ, ನಲ್ಲಿಯಲ್ಲಿ ಗಾಳಿ. ಕುಡಿಯುವ ನೀರಿನ ಎರಡು ಕ್ಯಾನ್ ಹೊತ್ತುಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ಕೊಟ್ಟೆ. ಅವರು ಒಳ್ಳೆಯವರು, ಬಯ್ಯಲಿಲ್ಲ. ಫ್ರಿಜ್ಜಿನಲ್ಲಿ ಇಟ್ಟಿದ್ದ ಕ್ಯಾನ್ ಅದು, ಒಳಗಿಂದ ಕಿರುಚಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಗೌಡ್ರ ಕೆರೆ ಕೆಳಗೇ ಇದೆ, ತುಂಬಿದೆ. ಕೇಳಲು ಹೋದೆ. "ಕೆರೆ ನೀರು ಕಾಫಿಗೆ ಮಾರಾಯ" ಅಂದರು. ಅಷ್ಟೇ. ರೊಬಸ್ಟಾಕ್ಕೆ ಹೂವು ಬರಿಸಲು ಸ್ಪ್ರಿಂಕ್ಲರ್ ಹೊಡೆಯಬೇಕು, ಮಳೆ ನಂಬಿ ಕೂತರೆ ವರ್ಷದ ಬೆಳೆ ಹೋಗುತ್ತದೆ. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರು ಹೇಳಿದ್ದು ಸರಿ ಅನ್ನಿಸುತ್ತದೆ. ಟೆಂಟಿನ ದುಡ್ಡು ಅವರಿಗೆ ಉಪ್ಪಿನಕಾಯಿ, ಊಟ ಕಾಫಿಯೇ.

ಅಂದಿನಿಂದ ಟ್ಯಾಂಕ್ ಬಡಿದು ನೋಡುವ ಅಭ್ಯಾಸವಾಯಿತು. ಬೆರಳ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಬಡಿಯುತ್ತ ಬನ್ನಿ. ಖಾಲಿ ಇರುವ ಕಡೆ ಡಬ್ ಡಬ್ ಅನ್ನುತ್ತದೆ, ನೀರಿರುವ ಕಡೆ ಸದ್ದು ಮುಚ್ಚಿಕೊಳ್ಳುತ್ತದೆ. ಆ ಗೆರೆಗೆ ಇದ್ದಿಲಲ್ಲಿ ಒಂದು ಗೀಟು. ಬೆಳಗ್ಗೆ ಒಂದು ಗೀಟು, ಸಂಜೆ ಒಂದು ಗೀಟು. ಷವರ್ ಬಿಚ್ಚಿಟ್ಟೆ. ತಲೆಗೆ ಎರಡು ಬಕೆಟ್, ಒಂದಕ್ಕೆ ಹದಿನೆಂಟು ಲೀಟರ್. ಇಪ್ಪತ್ನಾಲ್ಕು ಜನಕ್ಕೆ ಸ್ನಾನಕ್ಕೇ ಸಾವಿರದ ಹತ್ತಿರ ಹತ್ತಿರ. ಪಾತ್ರೆ, ಅಡುಗೆ, ಕಕ್ಕಸು ಬೇರೆ. ವಾರಾಂತ್ಯಕ್ಕೆ ಒಂದು ಟ್ಯಾಂಕರ್ ಬೇಕೇ ಬೇಕು. ಹೀಗೆ ಅಂತ ಬುಕಿಂಗ್ ಮಾಡುವಾಗಲೇ ಫೋನಿನಲ್ಲಿ ಹೇಳಿಬಿಡುತ್ತಿದ್ದೆ. ಕ್ಯಾಂಪಿನ ಮಾಲೀಕರಿಗೆ ಇಷ್ಟವಿರಲಿಲ್ಲ. ಆದರೆ ಹೇಳಿಸಿಕೊಂಡು ಬಂದವರು ಯಾರೂ ಜಗಳ ಆಡಲಿಲ್ಲ. ಹೇಳಿಸಿಕೊಳ್ಳದೆ ಆ್ಯಪಿನಲ್ಲಿ ಬುಕ್ ಮಾಡಿ ಬಂದವರೇ ಜಾಸ್ತಿ ಆಡಿದ್ದು.

ದಿನ ಶುರುವಾಗುತ್ತಿದ್ದದ್ದು ಐದೂವರೆಗೆ, ಸಿಳ್ಳಾರ ಹಕ್ಕಿ ಕೂಗುವ ಹೊತ್ತಿಗೆ. ಕೂಗು ಅಲ್ಲ, ಶಿಳ್ಳೆ. ಹಳ್ಳದ ಕಡೆಯಿಂದ ಯಾರೋ ಹುಡುಗ ಕೆಲಸವಿಲ್ಲದೆ ಸುಮ್ನೆ ಶಿಳ್ಳೆ ಹಾಕಿಕೊಂಡು ಹೋದ ಹಾಗೆ. ಮೊದಲ ವಾರ ನಾನು ಟಾರ್ಚ್ ಹಿಡಿದು "ಯಾರದು?" ಅಂತ ಕೇಳಿದ್ದೆ. ಹಂಡೆಗೆ ಬೆಂಕಿ ಹಾಕುವುದು ಮೊದಲ ಕೆಲಸ. ಕಾಫಿ ಗಿಡದ ರೆಂಬೆ ಸವರಿದಾಗ ಉಳಿದ ಕಡ್ಡಿ, ಮೇಲೆ ಸಿಲ್ವರ್ ಓಕ್ ಸೌದೆ. ಕಾಫಿ ಕಡ್ಡಿ ಬೇಗ ಹಿಡಿಯುತ್ತದೆ, ಹೊಗೆ ಕಡಿಮೆ. ಆರೂಕಾಲಿಗೆ ಕಾಫಿ, ಎಂಟೂವರೆಗೆ ತಿಂಡಿ. ಅಡುಗೆಯಕ್ಕನ ಕೈಯ ಅಕ್ಕಿರೊಟ್ಟಿಗೆ ಎಳೆ ಹಲಸಿನಕಾಯಿ ಪಲ್ಯ ಬೇಸಿಗೆಯಲ್ಲೇ ಚೆನ್ನ. ಚಿಗಳಿ ಚಟ್ನಿಯನ್ನೂ ಮಾಡುತ್ತಿದ್ದರು, ಕೆಂಪಿರುವೆಯದು. ಅತಿಥಿಗಳು ತಿಂದು ಹುಳಿ ಚೆನ್ನಾಗಿದೆ ಅಂದ ಮೇಲಷ್ಟೇ ಏನು ಅಂತ ಹೇಳಬೇಕು ಅನ್ನುವುದು ಅವರ ರೂಲು. ನನಗೆ ಅದು ಸರಿ ಕಾಣುತ್ತಿರಲಿಲ್ಲ, ನಾನು ಮೊದಲೇ ಹೇಳಿಬಿಡುತ್ತಿದ್ದೆ. ಅದಕ್ಕೇ ಚಟ್ನಿ ಉಳಿಯುತ್ತಿತ್ತು, ನಾವಿಬ್ಬರೇ ತಿನ್ನುತ್ತಿದ್ದೆವು.

ಅತಿಥಿಗಳು ಹೋದ ಮೇಲೆ ಟೆಂಟಿನ ಕೆಲಸ. ಬೇಸಿಗೆಯಲ್ಲಿ ಟೆಂಟಿಗೆ ಶತ್ರು ಮಳೆಯಲ್ಲ, ಧೂಳು. ಕೆಂಪು ಧೂಳು ಜಿಪ್ಪಿನ ಹಲ್ಲಿಗೆ ಕೂತರೆ ಎಳೆದಾಗ ಕಚ್ಚಿಕೊಳ್ಳುತ್ತದೆ. ಇನ್ನೂ ಜೋರಾಗಿ ಎಳೆದರೆ ಜಿಪ್ ಹೋಯಿತು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಮೇಣದಬತ್ತಿ ತುಂಡನ್ನು ಹಲ್ಲಿನ ಮೇಲೆ ಎರಡು ಸಲ ಎಳೆದರೆ ಬೆಣ್ಣೆಯ ಹಾಗೆ ಓಡುತ್ತದೆ. ಎಣ್ಣೆ ಹಾಕಬೇಡಿ, ಧೂಳು ಇನ್ನೂ ಅಂಟುತ್ತದೆ. ಇದು ನಾನು ಎರಡು ಟೆಂಟ್ ಹಾಳು ಮಾಡಿ ಕಂಡುಕೊಂಡದ್ದು.

ಇನ್ನೊಂದು ಉಣ್ಣೆ, ಅಂದರೆ ರಕ್ತ ಹೀರುವ ಉಣುಗು. ಮಳೆಗಾಲದ ಜಿಗಣೆಗೆ ಎಲ್ಲರೂ ಹೆದರುತ್ತಾರೆ. ನಿಜವಾಗಿ ಹೆದರಬೇಕಾದ್ದು ಬೇಸಿಗೆಯ ಉಣ್ಣೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಬಂದಿದೆ. ಚಡ್ಡಿ ಹಾಕಿದವರನ್ನು ನಾನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ. ಪ್ಯಾಂಟು ಸಾಕ್ಸಿನೊಳಗೆ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿಕೊಳ್ಳುವುದು. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆರೋಗ್ಯ ಇಲಾಖೆಗೆ ಫೋನ್ ಮಾಡಬೇಕು. ಇಷ್ಟು ಹೇಳಿದರೆ ಕೆಲವರು ಟ್ರೆಕ್ಕೇ ಬೇಡ ಅನ್ನುತ್ತಿದ್ದರು. ಬೇಡವಾದರೆ ಬೇಡ.

ಬೆಂಕಿಯ ವಿಷಯ ಹೇಳಲೇಬೇಕು. ಎರಡನೇ ವರ್ಷ, ಮಾರ್ಚ್, ಮಧ್ಯಾಹ್ನ ಮೂರರ ಹೊತ್ತು. ಯಾರೋ ಒಬ್ಬರು ಟೆಂಟಿನ ಹಿಂದೆ ಸಿಗರೇಟು ಸೇದಿ ತುಂಡನ್ನು ಹುಲ್ಲಿಗೆ ಎಸೆದಿದ್ದಾರೆ. ಹಗಲಿನಲ್ಲಿ ಹುಲ್ಲಿನ ಬೆಂಕಿ ಕಣ್ಣಿಗೆ ಕಾಣುವುದೇ ಇಲ್ಲ. ಬಿಸಿಲಲ್ಲಿ ಜ್ವಾಲೆಗೆ ಬಣ್ಣವಿಲ್ಲ. ಕಾಣುವುದು ಬರೀ ನಡುಗುವ ಗಾಳಿ, ಹಿಂದೆ ಹಿಂದೆ ಕಪ್ಪಾಗುತ್ತ ಬರುವ ನೆಲ. ಚಟಚಟ ಸದ್ದು ಕೇಳಿ ನಾನು ಬಕೆಟ್ ಹಿಡಿದು ಓಡಿದೆ. ಮೆಣಸು ಕೊಯ್ಯುತ್ತಿದ್ದ ಇಬ್ಬರು ಏಣಿಯಿಂದ ಇಳಿದು ಬಂದು ನನ್ನ ಬಕೆಟ್ ಕಡೆ ನೋಡಲೂ ಇಲ್ಲ. ಸೊಪ್ಪು ಮುರಿದರು, ಎಲೆ ತುಂಬಿದ ಹಸಿ ಕೊಂಬೆ. ಗಾಳಿಗೆ ಬೆನ್ನು ಕೊಟ್ಟು, ಬೆಂಕಿಯ ಪಕ್ಕದಿಂದ ಬಡಿಯುತ್ತ ಬಂದರು. ಎತ್ತಿ ಹೊಡೆಯುವುದಲ್ಲ, ಹೊಡೆದು ಒತ್ತುವುದು. ಎತ್ತಿ ಹೊಡೆದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತುತ್ತದೆ. ಹತ್ತು ನಿಮಿಷದಲ್ಲಿ ಆರಿತು. ಎರಡು ಟೆನಿಸ್ ಕೋರ್ಟಿನಷ್ಟು ಸುಟ್ಟಿತ್ತು. ಮೇಲೆ ಗಾಳಿ ಬೀಸಿದ್ದರೆ ಇಡೀ ಗುಡ್ಡ ಹೋಗುತ್ತಿತ್ತು.

ಆವತ್ತಿನಿಂದ ಫೆಬ್ರವರಿ ಮೊದಲ ವಾರದಲ್ಲೇ ಕ್ಯಾಂಪಿನ ಸುತ್ತ ಎರಡು ಆಳಿನ ಅಗಲ ಹುಲ್ಲು ಕೆರೆಸಿ ಬೆಂಕಿ ಗೆರೆ ಹಾಕಿಸಿದೆ. ಕ್ಯಾಂಪ್‌ಫೈರ್ ಬೇಕೇ ಬೇಕು ಅನ್ನುವವರಿಗೆ ಗುಂಡಿಯೊಳಗೆ ಸಣ್ಣದು, ಗಾಳಿ ಇದ್ದರೆ ಅದೂ ಇಲ್ಲ. ದುಡ್ಡು ವಾಪಸ್ ಕೇಳಿದವರೂ ಇದ್ದಾರೆ. ಕಾಡ್ಕಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಎಷ್ಟೋ ಗುಡ್ಡದ ದಾರಿಗಳನ್ನು ಮುಚ್ಚುತ್ತದೆ. ಹಿಂದಿನ ಬಾಗಿಲಿಂದ ಕರೆದುಕೊಂಡು ಹೋಗ್ತೀರಾ ಅಂತ ಕೇಳುತ್ತಾರೆ. ಆ ಬೆಂಕಿ ನೋಡಿದ ಮೇಲೆ ನನಗೆ ಆ ಪ್ರಶ್ನೆಗೆ ನಗು ಕೂಡ ಬರುತ್ತಿರಲಿಲ್ಲ.

ಹಾಗಾದರೆ ಕರೆದುಕೊಂಡು ಹೋಗುವುದೆಲ್ಲಿಗೆ? ದಾರಿ ತೆರೆದಿದ್ದರೆ ಎತ್ತಿನ ಭುಜ, ಸುಮಾರು 1300 ಮೀಟರ್. ಹೆಸರು ಇಟ್ಟವನು ಎತ್ತು ಕಟ್ಟಿದವನೇ ಇರಬೇಕು, ಅಷ್ಟು ಸರಿಯಾಗಿ ಹಿಣಿಲಿನ ಹಾಗಿದೆ. ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತಕ್ಕೆ ಇಳಿದುಬಿಡಬೇಕು, ಆಮೇಲೆ ನೆರಳಿಲ್ಲ. ದೇವರಮನೆಗೆ ಸಂಜೆ, ಕಾಲಭೈರವೇಶ್ವರನ ಗುಡಿ ಹತ್ತಿರ ಕಾರು ನಿಲ್ಲಿಸಿದರೆ ಗುಡ್ಡ ಅಲ್ಲೇ. ಇವೆರಡೂ ಎಲ್ಲರಿಗೂ ಗೊತ್ತು.

ನನ್ನ ವಾರದ ರಜ ಮಂಗಳವಾರ. ಬೈಕ್ ತೆಗೆದುಕೊಂಡು ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು, ಆಮೇಲೆ ಎಲ್ಲಿಗಾದರೂ. ಎಲ್ಲಿಗಾದರೂ ಅಂದರೆ ಹೆಚ್ಚಾಗಿ ಅಂಗಡಿಗೆ. ಅಂಗಡಿ ಅಂದರೆ ಊರು. ಹಳೇ ಹೆಸರು ಸೊಸೆವೂರು, ಹೊಯ್ಸಳರ ಮೂಲ. ಹುಲಿ ಮೇಲೆ ಬಿದ್ದಾಗ ಜೈನ ಮುನಿ "ಹೊಯ್ ಸಳ" ಅಂದ ಕಥೆ ನಾವು ಶಾಲೆಯಲ್ಲಿ ಓದಿದ್ದು ಇಲ್ಲಿಯದೇ. ಬೇಲೂರು ಹಳೇಬೀಡು ನೋಡಿ ಬಂದವರಿಗೆ ಇಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಕಾಫಿ ತೋಟದ ನಡುವೆ ಹಳೇ ಬಸದಿ, ಒಂದು ದೇವಿಯ ಗುಡಿ. ದೇವಿಯ ಹೆಸರು ವಸಂತಿಕಾ, ಜನ ಕರೆಯುವುದು ವಸಂತಮ್ಮ ಅಂತ. ಇಡೀ ತಾಲ್ಲೂಕಿನಲ್ಲಿ ಯಾರ ಬಾಯಲ್ಲೂ ಕೇಳದ ವಸಂತ ಇಲ್ಲಿ ಕೂತಿದೆಯಲ್ಲ ಅಂತ ಮೊದಲ ಸಲ ನಕ್ಕಿದ್ದೆ. ಹಾಲುವಾಣದ ಕೆಂಪು ಹೂವು ದಾರಿತುಂಬ ಬಿದ್ದಿತ್ತು ಆವತ್ತು. ಆಮೇಲೆ ಕ್ಯಾಂಪಿನವರನ್ನೂ ಕರೆದುಕೊಂಡು ಹೋಗತೊಡಗಿದೆ. ಜಲಪಾತ ಇಲ್ಲ ಅಂತ ಮುಖ ಊದಿಸಿಕೊಂಡವರು ಅಲ್ಲಿ ಒಂದು ಗಂಟೆ ಸುಮ್ಮನೆ ಕೂತದ್ದುಂಟು.

ಏಪ್ರಿಲ್ ಹತ್ತಿರ ಬಂದರೆ ಹಲಸಿನ ಚಿಂತೆ. ಹಣ್ಣಾದರೆ ಆನೆಗೆ ದೂರದಿಂದಲೇ ವಾಸನೆ ಬಡಿಯುತ್ತದೆ. ಕ್ಯಾಂಪಿನೊಳಗಿದ್ದ ಎರಡು ಮರದ ಕಾಯಿಗಳನ್ನು ಹಣ್ಣಾಗುವ ಮುಂಚೆಯೇ ಇಳಿಸಿಬಿಡುತ್ತಿದ್ದೆವು. ಫೋನಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತದೆ, ಅದನ್ನು ನೋಡದೆ ಸಂಜೆ ಆರರ ಮೇಲೆ ಯಾರನ್ನೂ ತೋಟದ ದಾರಿಗೆ ಬಿಡುತ್ತಿರಲಿಲ್ಲ.

ಈ ಎಲ್ಲದರ ನಡುವೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಅರೇಬಿಕಾ ಗಿಡದ ಗೆಣ್ಣು ಗೆಣ್ಣಿನಲ್ಲಿ ಅಕ್ಕಿಕಾಳಿನಂಥ ಮೊಗ್ಗು ಮುದುಡಿಕೊಂಡು ಕೂತಿರುತ್ತದೆ. ಒಂದು ಒಳ್ಳೆ ಮಳೆ ಬೀಳುವವರೆಗೆ ಹಂದುವುದಿಲ್ಲ. ಕಾಫಿಯವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚಾದರೂ ಬಿದ್ದರೆ ಹೂವು ನೆಟ್ಟಗೆ ಅರಳುತ್ತದೆ. ಮೂವತ್ತು ಸೆಂಟು ಬಿದ್ದು ನಿಂತರೆ ಬೀಳದಿದ್ದರೇ ಚೆನ್ನಾಗಿತ್ತು ಅನ್ನುತ್ತಾರೆ, ಮೊಗ್ಗು ಅರ್ಧಕ್ಕೇ ಕೆಡುತ್ತದೆ.

ಮೂರನೇ ವರ್ಷ ಯುಗಾದಿ ಕಳೆದು ಹೊಸತೊಡಕಿನ ದಿನ. ಅಡುಗೆಯಕ್ಕ ಊರಿಗೆ ಹೋಗಿದ್ದರು, ಕೋಳಿ ಸಾರು ನನ್ನದೇ. ಮಧ್ಯಾಹ್ನ ಗಾಳಿ ತಟ್ಟನೆ ನಿಂತಿತು. ನಾಲ್ಕು ಗಂಟೆಗೆ ಗುಡುಗು, ಆಮೇಲೆ ಆಲಿಕಲ್ಲು, ಆಮೇಲೆ ಒಂದು ಗಂಟೆ ಬಿಡದೆ ಮಳೆ. ಎರಡು ಟೆಂಟ್ ಮಗುಚಿದವು, ಸಾರಿಗೆ ನೀರು ಬಿತ್ತು. ಮಳೆ ಬಿಟ್ಟು ಐದು ನಿಮಿಷವೂ ಆಗಿಲ್ಲ, ಗೌಡ್ರ ಫೋನು. ಟೆಂಟ್ ಏನಾಯ್ತು ಅಂತ ಕೇಳಲಿಲ್ಲ. "ಮೇಲ್ಗಡೆ ಮಳೆ ಅಳತೆ ನೋಡಿ ಹೇಳು." ಕೊಡೆ ಹಿಡಿದು ಹೋಗಿ ನೋಡಿದೆ. ಒಂದು ಇಂಚು ಹದಿನೈದು ಸೆಂಟು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ರಾತ್ರಿ ಊಟಕ್ಕೆ ಮನೆಗೆ ಬಾ."

ಒಂಬತ್ತನೇ ದಿನ ಬೆಳಗ್ಗೆ ಸಿಳ್ಳಾರ ಕೂಗುವ ಮುಂಚೆಯೇ ಎಚ್ಚರವಾಯಿತು. ಟೆಂಟಿನ ಜಿಪ್ ತೆಗೆದರೆ ಮಲ್ಲಿಗೆಯಂಥದ್ದೇ ವಾಸನೆ, ಆದರೆ ಇಷ್ಟು ಮಲ್ಲಿಗೆ ಯಾರ ಮುಡಿಯಲ್ಲೂ ಹಿಡಿಯದು. ಬೆಳಕು ಹರಿದಾಗ ತೋಟದ ಪ್ರತಿ ಕೊಂಬೆಗೂ ಬಿಳಿ ಹೂವಿನ ದಿಂಡು, ಜೇನಿನ ಗುಂಯ್ ಸದ್ದು ಮೋಟರ್ ಓಡಿದ ಹಾಗೆ. ಹೆಚ್ಚೆಂದರೆ ಮೂರು ನಾಲ್ಕು ದಿನ, ಆಮೇಲೆ ಕಂದಾಗುತ್ತದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಅಜ್ಜಿ ರಗ್ಗು ಹೊದ್ದು ಹೊರಗೆ ಬಂದು ನಿಂತರು. "ಮಂಜು ಬಿದ್ದಿದೆಯೇನಪ್ಪ?" ಅಂದರು. ಕನ್ನಡಕ ತಂದು ಕೊಟ್ಟೆ.

ಅಬ್ಬಿ ಪೈಪಿನಲ್ಲಿ ಮಾತ್ರ ನೀರು ಬಂದಿರಲಿಲ್ಲ. ಒಂದು ಮಳೆಗೆ ಹಳ್ಳ ತುಂಬುವುದಿಲ್ಲ. ಟ್ಯಾಂಕ್ ಬಡಿದು ನೋಡಿದೆ, ಸದ್ದು ಕೆಳಗಿನ ಗೀಟಿನವರೆಗೂ ಡಬ್ ಡಬ್. ಟ್ಯಾಂಕರಿನವನಿಗೆ ಫೋನ್ ಮಾಡಿದೆ.