ಗದ್ದಲ ತಡೆಯಲಾಗದಾಗ: ನಿಮ್ಮದೇ ನೆಮ್ಮದಿ ಚೀಲ ಮಾಡಿಕೊಳ್ಳುವುದು ಹೇಗೆ?

ಕುಕ್ಕರ್ ಸೀಟಿ, ಟ್ಯೂಬ್‌ಲೈಟಿನ ಗುಂಯ್ ಸದ್ದು, ಕತ್ತಿನ ಹಿಂದೆ ಚುಚ್ಚುವ ಅಂಗಿಯ ಲೇಬಲ್. ಆಟಿಸಂ (ಸ್ವಲೀನತೆ) ಇರುವ ಅನೇಕರಿಗೆ ಇವು ಸಣ್ಣ ಕಿರಿಕಿರಿಗಳಲ್ಲ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿ ಇಂಥ ಸಂವೇದನೆಯ ಏರುಪೇರನ್ನು ಆಟಿಸಂ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ಅದನ್ನು ಹಟ ಎನ್ನುವುದನ್ನು ನಾವು ಬಿಡಲೇಬೇಕು.

ಇಂಥ ಹೊತ್ತಿಗೆ ನೆರವಾಗುವ ಸಾಮಾನುಗಳ ಚೀಲವೊಂದನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಅದಕ್ಕೆ ಮೊದಲ ಹೆಜ್ಜೆ ಬರವಣಿಗೆ. ಒಂದು ವಾರ, ಯಾವಾಗ ತಡೆಯಲಾಗಲಿಲ್ಲ, ಅದಕ್ಕೆ ಮುಂಚೆ ಎಲ್ಲಿದ್ದಿರಿ, ಊಟ-ನಿದ್ದೆ ಹೇಗಿತ್ತು ಎಂದು ಗುರುತು ಹಾಕಿ. ದವಡೆ ಬಿಗಿಯಾಗುವುದು, ಉಸಿರು ಮೇಲೆ ಮೇಲೆ ಬರುವುದು ಮುನ್ಸೂಚನೆಗಳು. ಕೆಲವರಿಗೆ ಮೈಯ ಈ ಸೂಚನೆಗಳೇ ಗೊತ್ತಾಗುವುದಿಲ್ಲ. ಅವರು ಮೊಬೈಲಿನಲ್ಲಿ ಅಲಾರಂ ಇಟ್ಟು, ಕಷ್ಟವಾಗುವ ಮೊದಲೇ ವಿರಾಮ ತೆಗೆದುಕೊಳ್ಳುವುದು ಒಳ್ಳೆಯದು.

ಆ ಪಟ್ಟಿ ನೋಡಿಕೊಂಡೇ ಚೀಲ ತುಂಬಿ. ಸದ್ದಿಗೆ ಕಿವಿ ಮುಚ್ಚುವ ಇಯರ್‌ಮಫ್, ಬೆಳಕಿಗೆ ಅಂಚಿನ ಟೋಪಿ, ಕೈಗೆ ಹಿಸುಕುವ ಚೆಂಡು ಅಥವಾ ಹಳೇ ಹತ್ತಿ ಸೀರೆಯ ತುಂಡು. ಇಯರ್‌ಮಫ್ ದಿನವಿಡೀ ಬೇಡ; ಕಿವಿ ನಿಶ್ಶಬ್ದಕ್ಕೆ ಒಗ್ಗಿಬಿಟ್ಟರೆ ಸಣ್ಣ ಸದ್ದೂ ಜೋರೆನಿಸಬಹುದು. ಕೆಲವರಿಗೆ ಮೈಮೇಲೆ ಬಿಗಿಯಾದ ಒತ್ತಡ ಬಿದ್ದರೆ ಸಮಾಧಾನ. ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್, ದನಗಳಿಗೆ ಲಸಿಕೆ ಹಾಕುವಾಗ ಅವುಗಳನ್ನು ಹಿಡಿದಿಡುವ ಚೌಕಟ್ಟು ನೋಡಿ, ಹದಿಹರೆಯದಲ್ಲೇ ತಮಗಾಗಿ ಅಪ್ಪುಗೆಯ ಯಂತ್ರ ಮಾಡಿಕೊಂಡರು. ತನಗೆ ಬೇಕಾದ ಸಾಧನವನ್ನು ಆಟಿಸಂ ಇರುವವರೇ ರೂಪಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಆದರೆ ಇಂಥದೇ ಒತ್ತಡಕ್ಕೆಂದು ತೂಕ ತುಂಬಿ ಹೊಲಿದ ಭಾರದ ಹೊದಿಕೆಗೆ ದುಡ್ಡು ಸುರಿಯುವ ಮೊದಲು ಇದನ್ನು ಗಮನಿಸಿ: 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಅದರಿಂದ ಮಕ್ಕಳ ನಿದ್ದೆಯ ಅವಧಿ ಹೆಚ್ಚಲಿಲ್ಲ, ಆದರೂ ಮಕ್ಕಳಿಗೆ ಅದು ಇಷ್ಟವಾಗಿತ್ತು. ಎರವಲು ತಂದು ನೋಡಿ, ಹಿಡಿಸಿದರೆ ಕೊಳ್ಳಿ.

ಮುಂದಿನದು ದಿನಚರಿಯ ಚಿತ್ರಪಟ್ಟಿ. ಸ್ನಾನ, ತಿಂಡಿ, ಬಸ್ಸು, ಕೆಲಸ, ಹೀಗೆ ಒಂದೊಂದಕ್ಕೂ ಒಂದು ಫೋಟೊ ಅಥವಾ ಚಿತ್ರ, ಮುಗಿದದ್ದನ್ನು ತೆಗೆದಿಡಿ. ‘ಬದಲಾವಣೆ’ ಎಂಬ ಚೀಟಿಯೊಂದು ಖಂಡಿತ ಇರಲಿ. ನೆಂಟರು ಬಂದಾಗ, ಕರೆಂಟು ಹೋದಾಗ ಅದನ್ನು ಅಂಟಿಸಿ, ಪಕ್ಕದಲ್ಲೇ ಮುಂದೇನು ಎಂದು ತೋರಿಸಿದರೆ ಆಘಾತ ಕಡಿಮೆ.

ಕೊನೆಗೆ ಜೇಬಿನ ಕಾರ್ಡು. ಚೆನ್ನಾಗಿ ಮಾತಾಡುವವರಿಗೂ ಒತ್ತಡದಲ್ಲಿ ಮಾತು ನಿಂತುಹೋಗುವುದುಂಟು. ‘ನನಗೆ ಆಟಿಸಂ ಇದೆ. ಈಗ ಮಾತಾಡಲು ಆಗುತ್ತಿಲ್ಲ. ದಯವಿಟ್ಟು ಮುಟ್ಟಬೇಡಿ. ಹತ್ತು ನಿಮಿಷ ಸುಮ್ಮನೆ ಕೂರಲು ಬಿಡಿ’ ಎಂದು ಬರೆದು, ಮನೆಯವರ ಫೋನ್ ನಂಬರ್ ಸೇರಿಸಿ, ಲ್ಯಾಮಿನೇಷನ್ ಮಾಡಿಸಿ.

ಇವನ್ನೆಲ್ಲ ಮದುವೆ ಮನೆಯ ವಾಲಗದ ನಡುವೆ ಮೊದಲ ಸಲ ತೆರೆಯಬೇಡಿ. ಮನಸ್ಸು ತಿಳಿಯಾಗಿರುವಾಗ ಮನೆಯಲ್ಲೇ ಬಳಸಿ ಅಭ್ಯಾಸ ಮಾಡಿ. ಕಾರ್ಡು ತೋರಿಸಿದರೆ ಏನು ಮಾಡಬೇಕೆಂದು ಜೊತೆಗಿರುವವರಿಗೂ ಹೇಳಿಕೊಡಿ. ಮೈಗೆ ಗಾಯ ಮಾಡಿಕೊಳ್ಳುವುದು, ಫಿಟ್ಸ್, ವಾರಗಟ್ಟಲೆ ನಿದ್ದೆ ಬಾರದಿರುವುದು ಇದ್ದರೆ ಚೀಲ ಸಾಲದು, ವೈದ್ಯರನ್ನು ಕಾಣಿ.